‘ಜನ್ಮಪಾಪ’ ಎಂಬ ಅನುವಾದ: ವಿಕಾಸವಾದ, ಎರಡು ಆದಿಪುರಾಣಗಳು ಮತ್ತು ತಾಯ್ನುಡಿಯ ನಿದರ್ಶನ

ಕ್ರೈಸ್ತ ಧರ್ಮಶಾಸ್ತ್ರದ ‘ಒರಿಜಿನಲ್ ಸಿನ್’ ಎಂಬ ಪರಿಕಲ್ಪನೆಗೆ ಕನ್ನಡದಲ್ಲಿ ಮೂರು ಹೆಸರುಗಳಿವೆ: ಆದಿಪಾಪ, ಮೂಲಪಾಪ, ಜನ್ಮಪಾಪ. ಕಥೋಲಿಕ ಧರ್ಮಬೋಧೆಯಲ್ಲಿ ನೆಲೆಗೊಂಡಿರುವುದು ಮೂರನೆಯದು. ತಮಿಳು, ಮಲಯಾಳಗಳಲ್ಲಿಯೂ ಅದೇ ಪದ ರೂಢಿಯಲ್ಲಿದೆ. ಈ ಮೂರನ್ನೂ ಪರ್ಯಾಯಪದಗಳೆಂದು ಭಾವಿಸುವುದು ವಾಡಿಕೆಯಾದರೂ ಅವು ಸೂಚಿಸುವುದು ಮೂರು ಬೇರೆ ಬೇರೆ ಸಂಗತಿಗಳನ್ನು. ‘ಆದಿ’ ಎಂಬುದು ಕಾಲಕ್ಕೆ ಸೇರಿದ್ದು: ಒಂದು ದಿನ, ಒಂದು ಕೃತ್ಯ. ‘ಜನ್ಮ’ ಎಂಬುದು ಹಾದಿಗೆ ಸೇರಿದ್ದು: ಆ ಕೃತ್ಯದ ಫಲ ನಮ್ಮವರೆಗೆ ದಾಟಿಬಂದ ಬಗೆ. ‘ಮೂಲ’ ಎಂಬುದು ಸ್ಥಿತಿಗೆ ಸೇರಿದ್ದು: ಇಂದಿನ ನಮ್ಮ ಎಲ್ಲ ತಪ್ಪುಗಳ ಬೇರಿನಲ್ಲಿರುವ ಓರೆ. ಲ್ಯಾಟಿನ್ ಸಂಪ್ರದಾಯ ಒಂದೇ ಪದಪುಂಜದಲ್ಲಿ ಬೆಸೆದ ಮೂರು ಎಳೆಗಳನ್ನು ಕನ್ನಡ, ತನಗೇ ಅರಿವಿಲ್ಲದಂತೆ, ಬಿಡಿಸಿಟ್ಟಿದೆ.

ವಿಕಾಸವಾದವೂ ಈ ನಂಬಿಕೆಯೂ ಒಟ್ಟಿಗೆ ನಿಲ್ಲಬಲ್ಲವೇ ಎಂಬ ಪ್ರಶ್ನೆಯನ್ನು ಸಾಮಾನ್ಯವಾಗಿ ವಿಜ್ಞಾನ ಮತ್ತು ಧರ್ಮಗಳ ವ್ಯಾಜ್ಯವೆಂದು ಚರ್ಚಿಸಲಾಗುತ್ತದೆ. ಪ್ರಸ್ತುತ ಲೇಖನ ಅದನ್ನು ಅನುವಾದದ ಪ್ರಶ್ನೆಯಾಗಿ ನೋಡುತ್ತದೆ. ಮೂರು ಪದಗಳಲ್ಲಿ ವಿಕಾಸವಾದ ಯಾವುದನ್ನು ಅಲ್ಲಗಳೆಯುತ್ತದೆ, ಯಾವುದನ್ನು ಮುಟ್ಟದೆ ಬಿಡುತ್ತದೆ? ಅದು ಕಸಿದುಕೊಳ್ಳುವುದರಿಂದ ಕನ್ನಡದ ಕ್ರೈಸ್ತ ಚಿಂತನೆಗೆ ಆಗುವುದು ನಷ್ಟವೇ, ಲಾಭವೇ? ಉತ್ತರ ಹುಡುಕಲು ಗಡಿಸೀಮೆಯ ಓದುಗನ ಎರಡೂ ಕೈಗೆ ಸಿಗುವ ಎರಡು ಗ್ರಂಥಗಳನ್ನು ಆಯ್ದುಕೊಳ್ಳಲಾಗಿದೆ: ಕನ್ನಡದಲ್ಲಿ ಪಂಪನ ‘ಆದಿಪುರಾಣ’, ಮರಾಠಿಯಲ್ಲಿ ಫಾದರ್ ಥಾಮಸ್ ಸ್ಟೀಫನ್ಸರ ‘ಕ್ರಿಸ್ತಪುರಾಣ’.

ಒಂದು ಸಂಬಂಧಪದದ ಚರಿತ್ರೆ

ಆದಿಕಾಂಡದ ಮೂರನೆಯ ಅಧ್ಯಾಯದಲ್ಲಿ, ಎಂದರೆ ಹಣ್ಣು ತಿಂದ ಕಥೆಯಲ್ಲಿ, ‘ಪಾಪ’ ಎಂಬ ಹೀಬ್ರೂ ಪದ ಬರುವುದಿಲ್ಲ. ಅದು ಮೊದಲು ಕಾಣಿಸುವುದು ನಾಲ್ಕನೆಯ ಅಧ್ಯಾಯದಲ್ಲಿ, ಕಾಯಿನನು ತಮ್ಮನಾದ ಹೇಬೆಲನ ಮೇಲೆ ಮುನಿದ ಸಂದರ್ಭದಲ್ಲಿ. ಆದಾಮನ ಕೃತ್ಯವನ್ನು ಮನುಕುಲದ ಪಾಪಕ್ಕೂ ಮರಣಕ್ಕೂ ಜೋಡಿಸಿದವನು ಪೌಲ, ರೋಮಾಪುರದವರಿಗೆ ಬರೆದ ಪತ್ರದ ಐದನೆಯ ಅಧ್ಯಾಯದಲ್ಲಿ. ಅಲ್ಲಿನ ಹನ್ನೆರಡನೆಯ ವಾಕ್ಯದ ಕೊನೆಯ ಗ್ರೀಕ್ ತುಣುಕು ಬಹುಮಟ್ಟಿಗೆ ಕಾರಣಾರ್ಥದ್ದು: ಎಲ್ಲರೂ ಪಾಪ ಮಾಡಿದ ಕಾರಣ ಮರಣ ಎಲ್ಲರಿಗೂ ಹರಡಿತು ಎಂಬ ಅರ್ಥ. ಲ್ಯಾಟಿನ್ ಅನುವಾದದಲ್ಲಿ ಅದು ‘ಯಾವನಲ್ಲಿ ಎಲ್ಲರೂ ಪಾಪ ಮಾಡಿದರೋ’ ಎಂದು ಓದಿಕೊಳ್ಳಬಹುದಾದ ರೂಪ ಪಡೆಯಿತು. ಅಗಸ್ಟೀನ್ ಓದಿದ್ದು ಆ ಲ್ಯಾಟಿನನ್ನು. ಆದಾಮನೊಳಗೆ, ಅವನ ಬೀಜದಲ್ಲಿ, ನಾವೆಲ್ಲರೂ ಇದ್ದೆವು. ಆದ್ದರಿಂದ ಅವನ ಪಾಪದಲ್ಲಿ ನಮ್ಮ ಪಾಲೂ ಇತ್ತು ಎಂಬ ವಾದಕ್ಕೆ ಆ ಓದು ಆಧಾರವಾಯಿತು. ಪಾಪ ಹರಡುವುದು ಕೆಟ್ಟ ಮಾದರಿಯ ಅನುಕರಣೆಯಿಂದ ಎಂದು ಪೆಲೇಜಿಯಸನ ಪಕ್ಷದವರು ಹೇಳಿದರೆ, ಸಂತಾನದ ಮೂಲಕವೇ ಎಂದು ಅಗಸ್ಟೀನ್ ಪಟ್ಟುಹಿಡಿದ. 1546ರಲ್ಲಿ ಟ್ರೆಂಟ್ ಮಹಾಸಭೆ ಈ ಎರಡನೆಯ ಪಕ್ಷವನ್ನೇ ಎತ್ತಿಹಿಡಿದು, ಪಾಪ ದಾಟುವುದು ಪ್ರಜನನದಿಂದ, ಅನುಕರಣೆಯಿಂದಲ್ಲ ಎಂದು ಸಾರಿತು.

ಕನ್ನಡದಲ್ಲಿ ಉಂಟಾಗಿರುವ ಬಿರುಕು ಇಲ್ಲಿ ಕಣ್ಣಿಗೆ ಬೀಳುತ್ತದೆ. ಬಳಕೆಯಲ್ಲಿರುವ ಕನ್ನಡ ಬೈಬಲ್ ಗ್ರೀಕಿನ ಕಾರಣಾರ್ಥವನ್ನು ಅನುಸರಿಸುತ್ತದೆ. ಧರ್ಮಬೋಧೆಯ ‘ಜನ್ಮಪಾಪ’ವಾದರೋ ಅಗಸ್ಟೀನನ ಲ್ಯಾಟಿನಿನ ಸಂತತಿ. ವೇದವಾಕ್ಯ ಒಂದು ಭಾಷೆಯಿಂದ, ಅದನ್ನು ವಿವರಿಸುವ ಪರಿಭಾಷೆ ಇನ್ನೊಂದು ಭಾಷೆಯಿಂದ ಬಂದು ಒಂದೇ ಪೀಠದ ಮೇಲೆ ಕುಳಿತಿವೆ. ವಿಕಾಸವಾದದ ಪೆಟ್ಟು ಬೀಳುವುದು ಇವೆರಡರಲ್ಲಿ ಯಾವುದರ ಮೇಲೆ ಎಂಬುದು ಈಗ ಸ್ಪಷ್ಟವಾಗಬೇಕು.

ವಿಜ್ಞಾನ ಅಲ್ಲಗಳೆಯುವುದು ಏನನ್ನು?

ಮೊದಲನೆಯದಾಗಿ, ಒಂದೇ ಒಂದು ದಂಪತಿಯಿಂದ ಮನುಕುಲ ಹುಟ್ಟಿತು ಎಂಬುದಕ್ಕೆ ಜೀವವಿಜ್ಞಾನದಲ್ಲಿ ಆಧಾರವಿಲ್ಲ. ಮೊರಾಕ್ಕೊದ ಜೆಬೆಲ್ ಇರ್ಹೂದ್‌ನ ಪಳೆಯುಳಿಕೆಗಳು ನಮ್ಮ ಜಾತಿಯ ಚರಿತ್ರೆಯನ್ನು ಸುಮಾರು 3 ಲಕ್ಷ ವರ್ಷಗಳ ಹಿಂದಕ್ಕೆ ಒಯ್ದಿವೆ. ಇಂದಿನ ಮನುಷ್ಯರಲ್ಲಿ ಕಾಣುವ ಆನುವಂಶಿಕ ವೈವಿಧ್ಯವನ್ನು ಅಷ್ಟು ಕಾಲದಲ್ಲಿ ಇಬ್ಬರಿಂದ ವಿವರಿಸಲಾಗದು. ನಮ್ಮ ಪೂರ್ವಜರ ಸಮೂಹ ಸಾವಿರಗಳ ಲೆಕ್ಕದಲ್ಲಿತ್ತು. 1987ರಿಂದ ಪ್ರಚಾರಕ್ಕೆ ಬಂದ ‘ಮೈಟೊಕಾಂಡ್ರಿಯದ ಹವ್ವ’ ಎಂಬ ಹೆಸರು ಆಕರ್ಷಕವಾದರೂ, ಆಕೆ ತನ್ನ ಕಾಲದ ಅನೇಕ ಸ್ತ್ರೀಯರಲ್ಲಿ ಒಬ್ಬಳೇ ಹೊರತು ಏಕೈಕ ಸ್ತ್ರೀಯಲ್ಲ. ಎರಡನೆಯದಾಗಿ, ತಂದೆತಾಯಿಗಳ ಒಂದು ಕೃತ್ಯ ಬೀಜದಲ್ಲಿ ಅಚ್ಚೊತ್ತಿ ಮುಂದಿನ ತಲೆಮಾರುಗಳಿಗೆಲ್ಲ ಇಳಿಯುತ್ತದೆ ಎಂಬ ಕಲ್ಪನೆಯನ್ನು, ಗಳಿಸಿದ ಗುಣಗಳು ಸಂತಾನಕ್ಕೆ ದಾಟುವುದಿಲ್ಲವೆಂದು ವಾದಿಸಿದ ವೈಸ್‌ಮನ್ ಹತ್ತೊಂಬತ್ತನೆಯ ಶತಮಾನದ ಕೊನೆಗೇ ಕೆಡವಿದ. ಮೂರನೆಯದಾಗಿ, ಮರಣ ಮನುಷ್ಯನಿಗಿಂತ ಕೋಟ್ಯಂತರ ವರ್ಷ ಹಿರಿದು.

ಈ ಮೂರನೆಯ ಮಾತಿಗೆ ಸಾಕ್ಷಿ ಹುಡುಕಿಕೊಂಡು ಮರಾಠವಾಡದವರು ದೂರ ಹೋಗಬೇಕಿಲ್ಲ. ಉಮರ್ಗಾ, ನಿಲಂಗಾ, ಉದಗೀರಗಳ ಕರಿನೆಲದ ಕೆಳಗಿರುವ ಕಪ್ಪುಶಿಲೆ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪದರಪದರವಾಗಿ ಹರಿದ ಲಾವಾ. ಒಂದು ಹರಿವಿಗೂ ಮತ್ತೊಂದಕ್ಕೂ ನಡುವಣ ಬಿಡುವಿನಲ್ಲಿ ಕೆರೆಗಳಾದವು. ಅವುಗಳಲ್ಲಿ ಬಾಳಿದ ಜೀವಿಗಳು ಮುಂದಿನ ಹರಿವಿನಡಿ ಹೂತುಹೋದವು. ದಖ್ಖನದ ಈ ನಡುಪದರಗಳ ಪಳೆಯುಳಿಕೆಗಳನ್ನು ಮೊದಲು ಕ್ರಮವಾಗಿ ಸಂಗ್ರಹಿಸಿದವರಲ್ಲಿ ಮುಖ್ಯನಾದವನು ಒಬ್ಬ ಪಾದ್ರಿ: ನಾಗಪುರದ ಸ್ಕಾಟಿಷ್ ಮಿಷನರಿ ಸ್ಟೀಫನ್ ಹಿಸ್ಲಪ್. 1863ರಲ್ಲಿ ತೀರಿಕೊಂಡ ಆತ, ‘ಜೀವಿಜಾತಿಗಳ ಉಗಮ’ ಪ್ರಕಟವಾಗುವ ಮೊದಲೇ, ಡಾರ್ವಿನನ ನೆರವಿಲ್ಲದೆ ಈ ಹಳೆಯ ಸಾವುಗಳನ್ನು ಕಲ್ಲಿನಲ್ಲಿ ಓದುತ್ತಿದ್ದ.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಅದೇ ಶಿಲೆ ಅಲುಗಿ ಕಿಲ್ಲಾರಿ, ಸಾಸ್ತೂರುಗಳಲ್ಲಿ ಸಾವಿರಾರು ಮಂದಿ ಮಲಗಿದಲ್ಲೇ ಮಡಿದರು. ಆ ಮರಣವನ್ನು ಯಾರದೋ ಪಾಪದ ಫಲವೆಂದು ಹೇಳುವ ನಾಲಗೆ ಯಾವ ಧರ್ಮದಲ್ಲಿದ್ದರೂ ಕ್ರೂರವಾದದ್ದು. ಲೂಕನ ಸುವಾರ್ತೆಯಲ್ಲಿ ಸಿಲೊವಾಮಿನ ಗೋಪುರ ಕುಸಿದು ಹದಿನೆಂಟು ಜನ ಸತ್ತ ಸುದ್ದಿ ಬಂದಾಗ, ಅವರು ಉಳಿದವರಿಗಿಂತ ಹೆಚ್ಚಿನ ಅಪರಾಧಿಗಳೆಂಬ ಊಹೆಯನ್ನು ಯೇಸು ನೇರವಾಗಿ ನಿರಾಕರಿಸುತ್ತಾನೆ. ದೇಹದ ಮರಣ ಪಾಪದಿಂದ ಬಂತು ಎಂಬ ಅಕ್ಷರಶಃ ಓದನ್ನು ಬಿಡಲು ಕಲ್ಲಿನ ಸಾಕ್ಷ್ಯ ಒತ್ತಾಯಿಸುತ್ತಿದ್ದರೆ, ಗ್ರಂಥದೊಳಗಿನ ಸಾಕ್ಷ್ಯವೂ ಅದಕ್ಕೆ ಪೂರ್ತಿ ವಿರುದ್ಧವಾಗಿಲ್ಲ.

ಸಭೆಯ ಅಧಿಕೃತ ಮಾತು ನಿಧಾನವಾಗಿ ಸರಿದಿದೆ. 1950ರ ‘ಹುಮಾನಿ ಜೆನೆರಿಸ್’ ಪತ್ರದಲ್ಲಿ ಹನ್ನೆರಡನೆಯ ಪಿಯೂಸ್ ದೇಹದ ವಿಕಾಸದ ಚರ್ಚೆಗೆ ಅವಕಾಶವಿತ್ತರೂ, ಹಲವು ಆದಿಪುರುಷರ ಕಲ್ಪನೆ ಈ ಪಾಪದ ಬೋಧೆಗೆ ಹೇಗೆ ಹೊಂದುತ್ತದೆಂಬುದು ಕಾಣುತ್ತಿಲ್ಲವೆಂದು ಬಾಗಿಲು ಅರೆಮುಚ್ಚಿದರು. 1996ರಲ್ಲಿ ಎರಡನೆಯ ಜಾನ್ ಪಾಲ್ ವಿಕಾಸವಾದ ಬರಿಯ ಊಹೆಯ ಮಟ್ಟವನ್ನು ದಾಟಿದೆಯೆಂದು ಒಪ್ಪಿದರು. ಈ ನಡುವೆ 1992ರ ಧರ್ಮೋಪದೇಶ ಗ್ರಂಥ, ಇದು ನಾವು ಮಾಡಿದ ಪಾಪವಲ್ಲ, ನಮಗೆ ತಗುಲಿದ್ದು. ಕೃತ್ಯವಲ್ಲ, ಸ್ಥಿತಿ ಎಂದು ವಿವರಿಸಿತು. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ, ಭಾರವನ್ನು ‘ಆದಿ’ಯಿಂದ ‘ಮೂಲ’ದತ್ತ ಸರಿಸಿತು. ‘ಜನ್ಮ’ ಮಾತ್ರ ನಡುವೆ ಹಾಗೆಯೇ ಉಳಿಯಿತು.

ಎರಡು ಆದಿಪುರಾಣಗಳು

1616ರಲ್ಲಿ ಗೋವೆಯ ರಾಯ್ತೂರಿನಲ್ಲಿ ಅಚ್ಚಾದ ‘ಕ್ರಿಸ್ತಪುರಾಣ’ ಓವಿ ಛಂದಸ್ಸಿನ ಬೃಹತ್ಕಾವ್ಯ. ಇಂಗ್ಲೆಂಡಿನಲ್ಲಿ ಹುಟ್ಟಿ ಗೋವೆಯಲ್ಲಿ ಬಾಳಿದ ಯೇಸುಸಭೆಯ ಪಾದ್ರಿ ಮರಾಠಿಯನ್ನು ಮನದುಂಬಿ ಹೊಗಳಿ ಕಾವ್ಯ ಆರಂಭಿಸುವುದನ್ನು ಗಡಿನಾಡಿನ ವಿದ್ವಾಂಸರೆಲ್ಲ ಬಲ್ಲರು. ಅಷ್ಟಾಗಿ ನೆನಪಾಗದ ಸಂಗತಿಯೆಂದರೆ ಆ ಕಾವ್ಯದ ಆಧುನಿಕ ಜನ್ಮ ಕನ್ನಡ ನೆಲದಲ್ಲಿ ಆಯಿತೆಂಬುದು: 1907ರಲ್ಲಿ ಜೋಸೆಫ್ ಸಲ್ಡಾನ್ಹಾ ಅದನ್ನು ರೋಮನ್ ಲಿಪಿಯಲ್ಲಿ ಮಂಗಳೂರಿನಿಂದ ಸಂಪಾದಿಸಿ ಹೊರತಂದರು. ಗ್ರಂಥ ಎರಡು ಭಾಗವಾಗಿದೆ. ‘ಮೊದಲ ಪುರಾಣ’ ಸೃಷ್ಟಿಯಿಂದ ತೊಡಗುವ ಹಳೆಯ ಒಡಂಬಡಿಕೆ, ‘ಎರಡನೆಯ ಪುರಾಣ’ ಕ್ರಿಸ್ತನ ಚರಿತ್ರೆ. ಮೊದಲನೆಯದು ಎರಡನೆಯದಕ್ಕೆ ಕಾರಣವೊದಗಿಸುತ್ತದೆ. ಆದಾಮನಲ್ಲಿ ಕಳೆದುಹೋದದ್ದು ಕ್ರಿಸ್ತನಲ್ಲಿ ಮರಳಿ ದೊರೆಯಬೇಕು. ಪೌಲ ಹೂಡಿದ ಸಮೀಕರಣ ಇಲ್ಲಿ ಕಾವ್ಯದ ಕಟ್ಟಡವೇ ಆಗಿದೆ.

ಆದರೆ ಆತ ಆಯ್ದುಕೊಂಡ ಪ್ರಕಾರ ಪುರಾಣ. ಸರ್ಗ, ಪ್ರತಿಸರ್ಗ, ವಂಶ, ಮನ್ವಂತರ, ವಂಶಾನುಚರಿತ ಎಂಬ ಪಂಚಲಕ್ಷಣಗಳ ಈ ಪ್ರಕಾರದಲ್ಲಿ ಆರಂಭವೆಂಬುದು ಒಮ್ಮೆ ನಡೆದು ಮುಗಿಯುವ ಸಂಗತಿಯಲ್ಲ. ಸೃಷ್ಟಿ ಮತ್ತೆ ಮತ್ತೆ ಆಗುತ್ತದೆ, ಮನುಗಳು ಬದಲಾಗುತ್ತಾರೆ. ಮರುಕಳಿಸದ ಒಂದು ಆದಿಯನ್ನು, ಆದಿಗಳು ಮರುಕಳಿಸುವ ಪಾತ್ರೆಯಲ್ಲಿ ಸ್ಟೀಫನ್ಸ್ ಎರೆದರು. ಕೇಳುಗನ ಕಿವಿಯಲ್ಲಿ ಆದಾಮ ಪಾಪದ ಮೊದಲ ಕಾರಣನಾಗಿಯೂ, ಪ್ರತಿ ಮನುಷ್ಯನ ಕಥೆಯ ಮಾದರಿಯಾಗಿಯೂ ಏಕಕಾಲಕ್ಕೆ ಉಳಿಯಲು ಇದು ಎಡೆಕೊಟ್ಟಿತು. ಪಾದ್ರಿ ಬಯಸಿದ್ದು ಮೊದಲನೆಯದನ್ನು. ಪುರಾಣ ತಾನಾಗಿ ಕೊಟ್ಟದ್ದು ಎರಡನೆಯದನ್ನು. ವಿಕಾಸವಾದದ ನಂತರದ ಧರ್ಮಶಾಸ್ತ್ರ ನೆಚ್ಚಿಕೊಳ್ಳಬಹುದಾದದ್ದೂ ಈ ಎರಡನೆಯದನ್ನೇ.

ಇದಕ್ಕೆ ಸುಮಾರು ಏಳು ಶತಮಾನ ಹಿಂದೆ, 941ರಲ್ಲಿ, ಪಂಪ ಜಿನಸೇನನ ಸಂಸ್ಕೃತ ಪುರಾಣವನ್ನು ಆಧರಿಸಿ ಇನ್ನೊಂದು ಆದಿಯ ಕಥೆಯನ್ನು ಕನ್ನಡಿಸಿದ. ಅಲ್ಲಿಯೂ ಒಂದು ಸ್ವರ್ಗ ಕಳೆದುಹೋಗುತ್ತದೆ. ಭೋಗಭೂಮಿಯಲ್ಲಿ ಕಲ್ಪವೃಕ್ಷಗಳು ಬೇಡಿದ್ದನ್ನೆಲ್ಲ ನೀಡುತ್ತಿದ್ದವು. ಕಾಲ ಇಳಿಯುತ್ತ ಬಂದಂತೆ ಅವು ಕ್ಷೀಣಿಸಿದವು. ಮರಗಳ ಬೆಳಕು ಮಸಕಾಗಿ ಸೂರ್ಯಚಂದ್ರರು ಕಾಣಿಸಿಕೊಂಡಾಗ ಜನ ಬೆದರುತ್ತಾರೆ; ಕುಲಕರರು ಒಬ್ಬರಾದ ಮೇಲೊಬ್ಬರು ಬಂದು ಭಯ ಕಳೆಯುತ್ತಾರೆ. ಕೊನೆಯ ಕುಲಕರ ನಾಭಿಯ ಮಗ ವೃಷಭನಾಥ ಅಸಿ, ಮಸಿ, ಕೃಷಿ ಮೊದಲಾದ ಕಸುಬುಗಳನ್ನು ಕಲಿಸುತ್ತಾನೆ. ಇಲ್ಲಿ ಯಾರೂ ಹಣ್ಣು ಕದಿಯಲಿಲ್ಲ, ಯಾರನ್ನೂ ಹೊರಹಾಕಲಿಲ್ಲ. ಪತನವಿದೆ, ಪಾತಕಿಯಿಲ್ಲ. ತಪ್ಪು ಎಂಬುದು ಕೊರತೆಯ ಜೊತೆಜೊತೆಗೆ ಮೆಲ್ಲಮೆಲ್ಲನೆ ತಲೆಯೆತ್ತುತ್ತದೆ. ಜೈನ ಪುರಾಣಪರಂಪರೆಯಂತೆ ಮೊದಲ ಶಿಕ್ಷೆಗಳು ಬರಿಯ ಉದ್ಗಾರಗಳಾಗಿದ್ದವು: ‘ಹಾ’, ‘ಮಾ’, ‘ಧಿಕ್’. ಒಬ್ಬ ಇನ್ನೊಬ್ಬನ ಕಡೆ ತಿರುಗಿ ‘ಛೆ’ ಎಂದಾಗ ನೀತಿ ಹುಟ್ಟಿತು ಎನ್ನುವ ಈ ಕಲ್ಪನೆಗಿಂತ ಸೂಕ್ಷ್ಮವಾದ ನೀತಿಯ ಉಗಮಕಥೆ ಅಪರೂಪ.

ಪಂಪನಲ್ಲಿ ಡಾರ್ವಿನನ ಮುನ್ಸೂಚನೆ ಹುಡುಕುವುದು ವ್ಯರ್ಥ. ಜೈನರ ಅವಸರ್ಪಿಣಿ ಇಳಿಯುವ ಕಾಲ. ಅದು ಜೀವವಿಜ್ಞಾನವೂ ಅಲ್ಲ. ನಮಗೆ ಮುಖ್ಯವಾದದ್ದು ಕಥನತರ್ಕ: ಮೊದಲ ಅಪರಾಧಿಯೊಬ್ಬನನ್ನು ಗುರುತಿಸದೆಯೂ ಮನುಷ್ಯನ ಕೇಡನ್ನು ಗಂಭೀರವಾಗಿ ಹೇಳಬಹುದೆಂಬುದಕ್ಕೆ ಕನ್ನಡದ ಮೊದಲ ಮಹಾಕಾವ್ಯವೇ ನಿದರ್ಶನ. ಆ ಕಾವ್ಯದ ನೈತಿಕ ಶಿಖರವಿರುವುದೂ ಭೋಗಭೂಮಿಯ ಅಳಿವಿನಲ್ಲಲ್ಲ, ಭರತ ಬಾಹುಬಲಿಗಳ ಕಾಳಗದಲ್ಲಿ. ಅಣ್ಣತಮ್ಮಂದಿರು ನೆಲಕ್ಕಾಗಿ ಎದುರುಬದುರು ನಿಂತ ಗಳಿಗೆಯಲ್ಲಿ. ಆದಿಕಾಂಡದಲ್ಲಿಯೂ ‘ಪಾಪ’ ಎಂಬ ಪದ ಉಚ್ಚಾರವಾದದ್ದು ಅಣ್ಣತಮ್ಮಂದಿರ ನಡುವೆ ಎಂಬುದನ್ನು ಇಲ್ಲಿ ಜೊತೆಗಿಟ್ಟು ಓದಬೇಕು. ಕಾಯಿನ ಕೊಲ್ಲುತ್ತಾನೆ, ಬಾಹುಬಲಿ ಗೆದ್ದೂ ಬಿಟ್ಟುಕೊಡುತ್ತಾನೆ. ಎರಡು ಕಥೆಗಳೂ ಕೇಡನ್ನು ದೇಹದಲ್ಲಿಡದೆ ಸಂಬಂಧದಲ್ಲಿ ಇಡುತ್ತವೆ. ಸಂಬಂಧಕ್ಕೆ ಒಂದೇ ದಂಪತಿ ಬೇಕಾಗಿಲ್ಲ, ಸಮೂಹ ಸಾಕು.

ಕನ್ನಡದ ಮೂರನೆಯ ಆದಿಕಥೆಯೆಂದರೆ 1980ರ ತೇಜಸ್ವಿಯವರ ‘ಕರ್ವಾಲೊ’. ವಿಕಾಸದ ಹಾದಿಯಲ್ಲಿ ಹಿಂದುಳಿದ ಹಾರುವ ಓತಿಯನ್ನು ಅರಸಿ ಹೊರಟ ತಂಡಕ್ಕೆ ಕ್ರೈಸ್ತ ಹೆಸರಿನ ವಿಜ್ಞಾನಿಯೇ ಮುಂದಾಳು. ಹಾಗಿದ್ದೂ ಕಾದಂಬರಿಯ ಕೇಂದ್ರಪ್ರಶ್ನೆ ಕಾಲದ್ದು, ಪಾಪದ್ದಲ್ಲ. ಕೊನೆಯಲ್ಲಿ ಓತಿ ಯಾರ ಕೈಗೂ ಸಿಗದೆ ಪ್ರಪಾತದತ್ತ ತೇಲಿಹೋಗುತ್ತದೆ. ಆ ಅಗಾಧ ಕಾಲದ ಮುಂದೆ ಮನುಷ್ಯನಿಗೆ ದಕ್ಕುವುದು ವಿಸ್ಮಯ ಮತ್ತು ವಿನಯ. ಕಾದಂಬರಿಯ ಬಲ ಅದೇ. ನಮ್ಮ ಚರ್ಚೆಯ ಮಟ್ಟಿಗೆ ಅದರ ಎಲ್ಲೆಯೂ ಅದೇ. ವಿಸ್ಮಯ ಮನುಷ್ಯನನ್ನು ಜೀವಜಾಲದಲ್ಲಿ ಸರಿಯಾದ ಜಾಗದಲ್ಲಿ ಕೂರಿಸುತ್ತದೆ. ‘ನಿನ್ನ ತಮ್ಮನೆಲ್ಲಿ’ ಎಂದು ಕೇಳುವುದಿಲ್ಲ.

ಜನನಸೂತಕವನ್ನು ಕಳೆದ ಭಾಷೆಯಲ್ಲಿ ಜನ್ಮಪಾಪ

ಈಗ ‘ಜನ್ಮ’ಕ್ಕೆ ಬರೋಣ. ಉಮರ್ಗಾಕ್ಕೆ ದೂರವಲ್ಲದ ಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದ ಶರಣರು ಪಂಚಸೂತಕಗಳನ್ನು ನಿರಾಕರಿಸಿದರು. ಅವುಗಳಲ್ಲಿ ಜಾತಿಸೂತಕವೂ ಜನನಸೂತಕವೂ ಸೇರಿವೆ. ಹುಟ್ಟಿನಿಂದ ಅಂಟುವ ಕೊಳೆಯೆಂಬ ಕಲ್ಪನೆಯ ವಿರುದ್ಧ ಕನ್ನಡ ಮಾಡಿದ ಅತಿ ದೊಡ್ಡ ಹೋರಾಟ ಅದು. ಅದೇ ಭಾಷೆಯೊಳಕ್ಕೆ ‘ಜನ್ಮಪಾಪ’ ಬಂದಾಗ ಅದು ಯಾವ ನೆರೆಹೊರೆಯಲ್ಲಿ ಬಿಡಾರ ಹೂಡಿತೆಂಬುದನ್ನು ಊಹಿಸಬಹುದು.

ಸಿದ್ಧಾಂತದ ಮಟ್ಟದಲ್ಲಿ ಜನ್ಮಪಾಪ ಸಮಾನತೆಯ ಬೋಧೆ. ರಾಜನೂ ಜಾಡಮಾಲಿಯೂ ಒಂದೇ ಕಲೆಯೊಡನೆ ಹುಟ್ಟುತ್ತಾರೆ. ಶುದ್ಧಜನ್ಮವೆಂಬುದು ಯಾರಿಗೂ ಇಲ್ಲ. ಮೇಲುಜಾತಿಯ ಹುಟ್ಟಿನ ಹೆಮ್ಮೆಯನ್ನು ಇದಕ್ಕಿಂತ ಹರಿತವಾಗಿ ಕತ್ತರಿಸುವ ಮಾತು ಕಡಿಮೆ. ಆದರೆ ಬೀದರ ಸೀಮೆಯಲ್ಲಿ ಮಿಷನ್ನಿನ ಕರೆಗೆ ಓಗೊಟ್ಟು ಬಂದವರಲ್ಲಿ ಹೆಚ್ಚಿನವರು ಹೊಲೆಮಾದಿಗ ಕೇರಿಗಳವರು. ‘ನಿನ್ನ ಹುಟ್ಟೇ ಪಾಪದ್ದು’ ಎಂಬುದನ್ನು ಊರು ಅವರಿಗೆ ಮೊದಲೇ ಹೇಳಿತ್ತು; ‘ಪಾಪಯೋನಿ’ ಎಂಬ ಪದವನ್ನು ಶಾಸ್ತ್ರ ಮೊದಲೇ ಕೊಟ್ಟಿತ್ತು. ಎಲ್ಲರಿಗೂ ಹೇಳಿದ ಮಾತು ಕೇರಿಯ ಕಿವಿಗೆ ತಮಗೇ ಹೇಳಿದ ಹಳೆಯ ಮಾತಾಗಿ ಕೇಳಿಸುವ ಅಪಾಯ ಈ ಅನುವಾದದಲ್ಲಿದೆ. ಬೋಧೆಯ ಸಮಾನತೆಯನ್ನು ಪದವೇ ನುಂಗುತ್ತದೆ. 1980ರ ದಶಕದ ಮೊದಲಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ದಲಿತ ಧರ್ಮಶಾಸ್ತ್ರಕ್ಕೆ ನಾಂದಿ ಹಾಡಿದಾಗ ಪ್ರಶ್ನಿಸಿದ್ದು ಇಂಥ ಕಿವುಡುತನವನ್ನೇ: ಭಾರತೀಯ ಕ್ರೈಸ್ತ ಚಿಂತನೆ ಬ್ರಾಹ್ಮಣ ಪರಂಪರೆಯೊಡನೆ ಸಂವಾದಿಸುತ್ತ ತನ್ನ ಸಭೆಯ ಬಹುಸಂಖ್ಯಾತರ ಅನುಭವವನ್ನು ಮರೆಯಿತೆಂದು.

ಕನ್ನಡ ಕಥೋಲಿಕರೇ ಇನ್ನೊಂದು ಹಾದಿಯನ್ನೂ ತೆರೆದಿಟ್ಟಿದ್ದಾರೆ. ಈ ಪಾಪ ಸೋಂಕದೆ ಗರ್ಭದಲ್ಲಿ ಮೂಡಿದವಳೆಂದು ಮರಿಯಮ್ಮನನ್ನು ಕರೆಯುವಾಗ ಬಳಸುವ ಪದ ‘ಅಮಲೋದ್ಭವ’. ಇಲ್ಲಿ ‘ಪಾಪ’ವಿಲ್ಲ, ‘ಮಲ’ವಿದೆ. ಶೈವ ಪರಿಭಾಷೆಯಲ್ಲಿ ಆಣವ, ಮಾಯಾ, ಕಾರ್ಮಿಕ ಎಂಬ ಮಲತ್ರಯ ಜೀವವನ್ನು ಕುಗ್ಗಿಸುತ್ತದೆ. ಗುರುವಿನ ದೀಕ್ಷೆ ಅದನ್ನು ಕಳೆಯುತ್ತದೆ, ಪೂರ್ವಾಶ್ರಯವನ್ನೂ ಕಳೆಯುತ್ತದೆ. ಇವುಗಳಲ್ಲಿ ಆಣವ ಅನಾದಿ. ಅದಕ್ಕೆ ಮೊದಲ ದಿನವಿಲ್ಲ, ಮೊದಲ ಅಪರಾಧಿಯಿಲ್ಲ. ಇದ್ದೂ ಅದು ನಿಜವಾದ ಬಂಧನ. ಆರಂಭದ ಘಟನೆಯಿಲ್ಲದೆ ದೋಷವನ್ನು ಯೋಚಿಸಲು ಬಾರದೆಂಬ ಪಾಶ್ಚಾತ್ಯ ಧರ್ಮಶಾಸ್ತ್ರದ ತೊಡಕು ಕನ್ನಡದ ಬುದ್ಧಿಗೆ ಅಷ್ಟು ತೊಡಕಲ್ಲ. ಆದರೂ ಮಲವನ್ನು ಹಾಗೆಯೇ ಎತ್ತಿ ಪಾಪದ ಜಾಗದಲ್ಲಿ ಇಡಲಾಗದು. ಮಲ ಒಂದೊಂದು ಜೀವದ್ದು. ಕ್ರೈಸ್ತ ಬೋಧೆಯ ತಿರುಳೆಂದರೆ ಕೇಡಿನಲ್ಲಿ ಮನುಷ್ಯರೆಲ್ಲ ಪಾಲುದಾರರು ಎಂಬುದು. ಜನ್ಮಪಾಪವನ್ನು ಕರ್ಮದೊಡನೆ ಸಮೀಕರಿಸುವ ನಮ್ಮ ಸುಲಭದ ಓದುಗಳು ಸೋಲುವುದೂ ಇಲ್ಲಿಯೇ. ಕರ್ಮದಲ್ಲಿ ನಾನು ಉಣ್ಣುವುದು ನಾನೇ ಮಾಡಿದ್ದನ್ನು. ಇಲ್ಲಿ ಉಣ್ಣುವುದು ಇನ್ನೊಬ್ಬರು ಬಡಿಸಿದ್ದನ್ನು.

ಮೂರನೆಯ ಬಗೆಯ ದಾಟುವಿಕೆ

ಹಾಗಾದರೆ ಪಾಲುದಾರಿಕೆ ದಾಟಿಬರುವ ಬಗೆ ಯಾವುದು? ಟ್ರೆಂಟ್ ಎರಡೇ ಆಯ್ಕೆಗಳನ್ನು ಮುಂದಿಟ್ಟಿತು: ಪ್ರಜನನ ಅಥವಾ ಅನುಕರಣೆ. ವಿಕಾಸವಾದ ಮೊದಲನೆಯದನ್ನು ಅದರ ಹಳೆಯ ಅರ್ಥದಲ್ಲಿ ಮುಚ್ಚಿತು. ಎರಡನೆಯದು ಪಾಪವನ್ನು ಆಯ್ಕೆಯ ವಿಷಯವಾಗಿಸಿ ಹಗುರಗೊಳಿಸುತ್ತದೆ. ಕೆಟ್ಟದ್ದನ್ನು ನೋಡಿ ಕಲಿಯದಿದ್ದರೆ ಸಾಕಿತ್ತು ಎಂದಾಗುತ್ತದೆ. 1902ರಲ್ಲಿ ಕೇಂಬ್ರಿಜಿನ ಎಫ್. ಆರ್. ಟೆನೆಂಟ್ ಪ್ರಾಣಿಮೂಲದ ಪ್ರವೃತ್ತಿಗಳನ್ನು ಪಾಪದ ಕಚ್ಚಾವಸ್ತುವೆಂದು ಗುರುತಿಸಿ ಒಂದು ದಾರಿ ತೋರಿದರು. ಇತ್ತೀಚೆಗೆ ಡಾಕಿನ್ಸರ 1976ರ ‘ಸ್ವಾರ್ಥಿ ಜೀನ್’ ಎಂಬ ರೂಪಕವನ್ನೇ ಮೂಲಪಾಪದ ವೈಜ್ಞಾನಿಕ ಸಮರ್ಥನೆಯೆಂದು ಎತ್ತಿಕೊಳ್ಳುವವರೂ ಇದ್ದಾರೆ. ಈ ಸಮರ್ಥನೆ ಅವಸರದ್ದು. ವಿಕಾಸ ನಮಗೆ ಆಕ್ರಮಣವನ್ನು ಕೊಟ್ಟಂತೆ ಮಮತೆಯನ್ನೂ ಸಹಕಾರವನ್ನೂ ಕೊಟ್ಟಿದೆ. ಹಸಿದ ಹುಲಿಗೆ ಪಾಪವಿಲ್ಲ. ಪ್ರವೃತ್ತಿಯನ್ನೇ ಪಾಪವೆಂದರೆ ಸೃಷ್ಟಿಕರ್ತನೇ ಪಾಪದ ಕರ್ತನಾಗುತ್ತಾನೆ. ಅಲ್ಲಿಗೆ ದೋ‌ಷಿಯೂ ಇಲ್ಲ, ಕ್ಷಮೆಗೆ ಅರ್ಥವೂ ಇಲ್ಲ.

ಪ್ರಜನನವೂ ಅನುಕರಣೆಯೂ ಅಲ್ಲದ ಮೂರನೆಯ ದಾಟುವಿಕೆಯೊಂದಿದೆ. ಅದನ್ನು ಭಾಷೆಯ ವಿದ್ಯಾರ್ಥಿಗಳಾದ ನಾವು ದಿನವೂ ಕಾಣುತ್ತೇವೆ: ತಾಯ್ನುಡಿ. ಮಾಕಣಿಯ ಮಗು ಕನ್ನಡವನ್ನು ರಕ್ತದಲ್ಲಿ ಪಡೆಯುವುದಿಲ್ಲ. ಬೇರೆ ಮನೆಯಲ್ಲಿ ಬೆಳೆದರೆ ಬೇರೆ ನುಡಿಯೇ ಅದರ ತಾಯ್ನುಡಿ. ಬೇಕೋ ಬೇಡವೋ ಎಂದು ಯೋಚಿಸಿ ಅನುಕರಿಸುವುದೂ ಇಲ್ಲ. ಆಯ್ಕೆ ಮಾಡುವ ‘ನಾನು’ ರೂಪುಗೊಳ್ಳುವುದೇ ಆ ನುಡಿಯೊಳಗೆ. ಮಾತಾಡುವ ಸಾಮರ್ಥ್ಯವನ್ನು ವಿಕಾಸ ಕೊಟ್ಟಿತು. ಆಡುವ ಮಾತನ್ನು ಮನೆ, ಕೇರಿ, ಶಾಲೆ ಕೊಟ್ಟವು. ಆಯ್ಕೆಗೆ ಮುಂಚೆಯೇ ಬಂದದ್ದಾದರೂ ನಾನು ಆಡಿದ ಪ್ರತಿಯೊಂದು ವಾಕ್ಯ ನನ್ನದೇ, ಅದಕ್ಕೆ ಹೊಣೆ ನಾನೇ. ತಗುಲಿದ್ದು, ಮಾಡಿದ್ದಲ್ಲ, ಆದರೆ ತಗುಲಿದ್ದರಿಂದಲೇ ನಾವು ಮಾಡುತ್ತೇವೆ.

‘ಆದಿ’ಯ ಒಗಟನ್ನೂ ಭಾಷೆ ಸಡಿಲಿಸುತ್ತದೆ. ಮೊತ್ತಮೊದಲ ಕನ್ನಡಿಗ ಯಾರು, ಯಾವ ದಿನ ಮೂಲದ್ರಾವಿಡ ನಿಂತು ಕನ್ನಡ ಮೊದಲಾಯಿತು ಎಂಬ ಪ್ರಶ್ನೆಗೆ ಉತ್ತರವಿಲ್ಲ. ಹಲ್ಮಿಡಿ ಶಾಸನ ನಮಗೆ ದೊರೆತ ಹಳೆಯ ಸಾಕ್ಷಿಗಳಲ್ಲೊಂದು; ಅದು ಕನ್ನಡದ ಮೊದಲ ನುಡಿಯಲ್ಲ. ಮೊದಲ ಕನ್ನಡಿಗನನ್ನು ತೋರಿಸಲಾಗದೆಂದು ಕನ್ನಡವೇ ಇಲ್ಲವೆನ್ನಲಾದೀತೇ? ಸಮೂಹದಲ್ಲಿ, ನಿಧಾನವಾಗಿ ಹುಟ್ಟಿದ್ದೂ ನಿಜವಾಗಿ ಹುಟ್ಟಿದ್ದೇ. ಡಾರ್ವಿನ್ 1871ರ ತನ್ನ ಗ್ರಂಥದಲ್ಲಿ ಭಾಷೆಗಳ ಮತ್ತು ಜೀವಿಜಾತಿಗಳ ರಚನೆಯನ್ನು ಹೋಲಿಸಿದ್ದು ಸುಮ್ಮನಲ್ಲ.

ಈ ನಿದರ್ಶನ ಬರಿಯ ಉಪಮೆಯಲ್ಲ ಎನ್ನುವುದಕ್ಕೆ ಕಾರಣವಿದೆ. ಮಗು ವ್ಯಾಕರಣದೊಂದಿಗೆ ಇನ್ನೇನನ್ನು ಕಲಿಯುತ್ತದೆ ಎಂದು ಕೇಳಿಕೊಳ್ಳಬೇಕು. ಯಾರಿಗೆ ‘ನೀವು’, ಯಾರಿಗೆ ‘ನೀನು’. ಯಾರ ಹೆಸರಿಗೆ ‘ಅವರು’ ಹತ್ತುತ್ತದೆ, ತಲೆನರೆತ ಯಾರನ್ನು ಹತ್ತು ವರ್ಷದ ಹುಡುಗನೂ ಏಕವಚನದಲ್ಲಿ ಕೂಗಬಹುದು ಎಂಬುದನ್ನು ಅದು ಕ್ರಿಯಾಪದದ ಪ್ರತ್ಯಯಗಳೊಡನೆ ಕಲಿಯುತ್ತದೆ. ಮರಾಠಿಗೆ ಹೋದರೂ ಬಿಡುಗಡೆಯಿಲ್ಲ. ಅಲ್ಲಿ ‘ತೂ’, ‘ತುಮ್ಹೀ’ ಕಾದಿರುತ್ತವೆ. ಆ ಮಗು ಜಾತಿಯನ್ನು ಹುಟ್ಟುಹಾಕಲಿಲ್ಲ, ಆಯ್ದುಕೊಳ್ಳಲೂ ಇಲ್ಲ. ಅದರ ವಂಶವಾಹಿಯಲ್ಲಿ ಜಾತಿಯೆಂಬುದು ಬರೆದಿಲ್ಲ. ಆದರೂ ಬಾಯಿ ತೆರೆದ ಮೊದಲ ದಿನಗಳಲ್ಲೇ ಅದು ಆ ಕೇಡನ್ನು ನುಡಿಯುತ್ತದೆ. ಮೂಲಪಾಪ ಎಂದರೆ ಏನೆಂದು ಕೇಳಿದವರಿಗೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ. 1956ರಲ್ಲಿ ನಿಲಂಗಾ, ಉದಗೀರಗಳು ಬೀದರ ಜಿಲ್ಲೆಯಿಂದ ಬೇರೆಯಾದಾಗ ಎಳೆದ ಗೆರೆಯನ್ನು ಇಂದಿನ ಯುವಜನ ಎಳೆದದ್ದಲ್ಲ; ಆ ಗೆರೆಯಾಚೆಯವರನ್ನು ಹೇಗೆ ಕಾಣಬೇಕೆಂಬ ಹೊಣೆ ಮಾತ್ರ ಅವರದೇ. ತಂದೆ ಮಾಡಿದ ಸಾಲದಲ್ಲಿ ಮಗನ ತಪ್ಪಿಲ್ಲ, ತೀರಿಸುವ ಭಾರವಿದೆ. ಮತ್ತಾಯನ ಗ್ರೀಕ್ ಪಾಠದ ಪ್ರಭುವಿನ ಪ್ರಾರ್ಥನೆ ತಪ್ಪನ್ನು ‘ಸಾಲ’ ಎಂದೇ ಕರೆಯುತ್ತದೆ.

ಉಳಿಯುವುದು, ಕಳೆಯುವುದು

ಆದ್ದರಿಂದ ವಿಕಾಸವಾದವೂ ಈ ಬೋಧೆಯೂ ಹೊಂದುತ್ತವೆಯೇ ಎಂಬುದಕ್ಕೆ ಒಂದೇ ಪದದ ಉತ್ತರವಿಲ್ಲ. ಏಕೈಕ ದಂಪತಿಯ ಚರಿತ್ರೆಯಾಗಿ ‘ಆದಿಪಾಪ’ ಹೊಂದುವುದಿಲ್ಲ. ಬೀಜದಲ್ಲಿ ಇಳಿದುಬರುವ ಕಲೆಯಾಗಿ ‘ಜನ್ಮಪಾಪ’ ಹೊಂದುವುದಿಲ್ಲ. ಎಲ್ಲರೂ ಪಾಲುದಾರರಾದ, ಯಾರೂ ಒಬ್ಬರೇ ತಂದುಕೊಳ್ಳದ, ಒಬ್ಬರೇ ಕಳೆದುಕೊಳ್ಳಲಾರದ ಸ್ಥಿತಿಯಾಗಿ ‘ಮೂಲಪಾಪ’ ಹೊಂದುತ್ತದೆ. ಹೊಂದುವುದಷ್ಟೇ ಅಲ್ಲ, ಹುಟ್ಟಿನ ಶುದ್ಧಿಯಶುದ್ಧಿಗಳ ಲೆಕ್ಕದಿಂದ ಬಿಡುಗಡೆ ಪಡೆದು ಹೆಚ್ಚು ತೀಕ್ಷ್ಣವಾಗುತ್ತದೆ. ಕನ್ನಡದ ಮಟ್ಟಿಗೆ ವಿಕಾಸವಾದ ಧರ್ಮಶಾಸ್ತ್ರದಿಂದ ಕಸಿದದ್ದು ಅದು ಎಂದೋ ಕೈಬಿಡಬೇಕಿದ್ದ ಪದವನ್ನು.

ಇದಕ್ಕೆ ತೆರಬೇಕಾದ ಬೆಲೆಯೂ ಸಣ್ಣದಲ್ಲ. ಪೌಲನ ಸಮೀಕರಣ, ‘ಕ್ರಿಸ್ತಪುರಾಣ’ದ ಕಟ್ಟಡ, ಎರಡೂ ಒಬ್ಬ ಮನುಷ್ಯನಲ್ಲಿ ಕಳೆದದ್ದು ಇನ್ನೊಬ್ಬ ಮನುಷ್ಯನಲ್ಲಿ ಮರಳಿತೆಂಬ ಸಮತೂಕದ ಮೇಲೆ ನಿಂತಿವೆ. ಒಂದು ತಟ್ಟೆಯಲ್ಲಿ ಒಬ್ಬನ ಬದಲು ಸಮೂಹವನ್ನಿಟ್ಟಾಗ ಇನ್ನೊಂದು ತಟ್ಟೆಯ ಅರ್ಥವೂ ಬದಲಾಗಬೇಕು. ಮನುಷ್ಯ ಪೂರ್ಣನಾಗಿ ಹುಟ್ಟಿ ಕೆಡಲಿಲ್ಲ, ಮಗುವಾಗಿ ಹುಟ್ಟಿ ಬೆಳೆಯಬೇಕಾದವನು ಎಂದು ಎರಡನೆಯ ಶತಮಾನದಲ್ಲಿಯೇ ಐರೇನಿಯಸ್ ತೋರಿದ ದಾರಿ ಇಲ್ಲಿ ನೆರವಾಗಬಹುದು. ವಿಕಾಸಕ್ಕೆ ತಕ್ಕಂತೆ ಈ ಬೋಧೆಯನ್ನು ತಿದ್ದಿ ಬರೆಯಹೊರಟ ತೆಯಾರ್ ದ ಶಾರ್ದೆನ್ 1920ರ ದಶಕದಲ್ಲಿ ತನ್ನ ಅಧ್ಯಾಪಕ ಪೀಠವನ್ನೇ ಕಳೆದುಕೊಂಡದ್ದನ್ನು ನೆನೆದರೆ, ಆ ದಾರಿ ಸುಗಮವಲ್ಲವೆಂಬುದೂ ತಿಳಿಯುತ್ತದೆ. ಪಾಪಕ್ಕೆ ಮೊದಲೇ ಇದ್ದ ನೋವಿಗೆ, ಲಾವಾದಡಿ ಹೂತ ಕೆರೆಗಳಿಗೆ, ಕಿಲ್ಲಾರಿಯ ನಸುಕಿಗೆ ಈ ವಿವರಣೆಯಲ್ಲಿ ಉತ್ತರವಿಲ್ಲ. ಆ ಪ್ರಶ್ನೆಯನ್ನು ಮನುಷ್ಯನ ತಲೆಗೆ ಕಟ್ಟದೆ ದೇವರ ಮುಂದೆಯೇ ಇಡಬೇಕಾಗುತ್ತದೆ. ಯೋಬನ ಗ್ರಂಥ ಮಾಡಿದ್ದು ಅದನ್ನೇ.

ಇನ್ನು ಅನುವಾದಕರಿಗೆ ಸಂಬಂಧಿಸಿದ ಮಾತು. ಧರ್ಮಬೋಧೆಯ ಮುಂದಿನ ಕನ್ನಡ ಪರಿಷ್ಕರಣಗಳಲ್ಲಿ ‘ಜನ್ಮಪಾಪ’ದ ಬದಲು ‘ಮೂಲಪಾಪ’ವನ್ನು ನೆಲೆಗೊಳಿಸುವುದು ಸೂಕ್ತ. ಅದು ಗ್ರೀಕಿಗೆ ಹತ್ತಿರ, ವಿಜ್ಞಾನಕ್ಕೆ ಅವಿರೋಧಿ, ಶರಣರು ಸೂತಕ ಕಳೆದ ಭಾಷೆಗೆ ನಿಷ್ಠ. ಪದ ಬದಲಾದ ಮಾತ್ರಕ್ಕೆ ಏಕವಚನ ಬದಲಾಗದು. ಆದರೆ ಹುಟ್ಟನ್ನು ದೂರುವ ಪದ ತೆರವಾದಾಗ, ದೂರಬೇಕಾದದ್ದು ನಮ್ಮ ನುಡಿಯೊಳಗೇ ಕುಳಿತಿದೆಯೆಂಬುದು ಕಾಣುತ್ತದೆ. ತಾಯ್ನುಡಿಯನ್ನು ಬಿಟ್ಟುಹೋಗಲು ಯಾರಿಗೂ ಆಗದು. ಅದರೊಳಗೇ ನಿಂತು, ‘ನೀನು’ ಎಂದು ಕರೆದ ಹಿರಿಯನನ್ನು ‘ನೀವು’ ಎಂದು ಕರೆಯಲು ಕಲಿಯಬಹುದು.